ಗಡ್ಡ ಹೆರೆದ ಕೆನ್ನೆಗೆ ನಿಂಬೆಹಣ್ಣು ಬೇಡ

ಹೋದ ಬೇಸಿಗೆಯಲ್ಲಿ ಪುಣೆಯ ನಮ್ಮ ಮನೆಯಲ್ಲಿ ನಾನೇ ಒಂದು ಆಫ್ಟರ್‌ಶೇವ್ ತಯಾರಿಸಿದೆ. ಗುಲಾಬಿ ನೀರು, ಲೋಳೆಸರ, ಅರ್ಧ ಹೋಳು ನಿಂಬೆಯ ರಸ. ಎಲ್ಲ ಅಡುಗೆಮನೆಯದ್ದೇ ತಾನೆ, ಏನಾದೀತು ಎಂಬ ಭಂಡ ಧೈರ್ಯ. ಹಚ್ಚಿಕೊಂಡು ಸ್ಕೂಟರ್ ಹತ್ತಿ ಬಿಸಿಲಿಗೆ ಹೊರಟೆ. ಎರಡು ದಿನದಲ್ಲಿ ದವಡೆಯೆಲ್ಲ ಉರಿ, ಎಡಗಡೆ ಹೆಚ್ಚು. ಆಮೇಲೆ ಅಲ್ಲೊಂದು ಕಂದು ಪಟ್ಟೆ ಮೂಡಿತು. ಮಾಸಲು ತಿಂಗಳುಗಳೇ ಬೇಕಾದವು. ಆ ನಡುವೆ ಮಗಳ ನಿಶ್ಚಿತಾರ್ಥ. ಫೋಟೊಗಳಲ್ಲೆಲ್ಲ ನಾನು ಬಲಗೆನ್ನೆಯನ್ನೇ ತೋರಿಸುತ್ತ ನಿಂತಿದ್ದೇನೆ.

ನಿಂಬೆರಸದ ಪಿಎಚ್ ಸುಮಾರು 2. ನಮ್ಮ ಚರ್ಮದ್ದು 5ರ ಆಸುಪಾಸು. ಬ್ಲೇಡು ಕೂದಲಿನ ಜೊತೆಗೆ ಚರ್ಮದ ಮೇಲ್ಪದರವನ್ನೂ ಅಷ್ಟಿಷ್ಟು ಕೆರೆದಿರುತ್ತದೆ. ಅದರ ಮೇಲೆ ಅಷ್ಟೊಂದು ಹುಳಿ. ಸಾಲದ್ದಕ್ಕೆ ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಫ್ಯುರೊಕೌಮರಿನ್ ಎಂಬ ಅಂಶ ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮವನ್ನು ಸುಡುತ್ತದೆ. ನೈಸರ್ಗಿಕ ಎಂದ ಮಾತ್ರಕ್ಕೆ ಸೌಮ್ಯ ಅಂತಲ್ಲ. ತುರಚೆ ಸೊಪ್ಪೂ ನೈಸರ್ಗಿಕವೇ!

ಹಾಗಂತ ಅಂಗಡಿಯ ಬಾಟಲಿಯನ್ನೇ ಕೊಳ್ಳಿ ಎನ್ನುತ್ತಿಲ್ಲ. ಮನೆಯಲ್ಲೇ ಮಾಡಿಕೊಳ್ಳಿ, ಆದರೆ ಕಡಿಮೆ ಮಾಡಿ. ಲೋಳೆಸರದ ಎಲೆ ಕುಯ್ದು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ, ಸಿಪ್ಪೆಯಡಿಯಿಂದ ಇಳಿಯುವ ಹಳದಿ ರಸವನ್ನು ತೊಳೆದುಬಿಡಿ. ಕೆಲವರಿಗೆ ತುರಿಕೆ ತರುವುದು ಅದೇ. ಒಳಗಿನ ತಿಳಿ ಲೋಳೆ ಸಾಕು. ಮೊದಲು ಮುಂಗೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ವಾರಕ್ಕಾಗುವಷ್ಟು ಮಾಡಿ ಬಾಟಲಿಯಲ್ಲಿ ತುಂಬಿಡಬೇಡಿ. ನೀರಿನಂಶವಿರುವ ಇಂಥದ್ದರಲ್ಲಿ, ಕೆಡದಂತೆ ಕಾಯುವ ವಸ್ತು ಇಲ್ಲದಿದ್ದರೆ, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಅದನ್ನು ಹಚ್ಚುವುದು ಗೀರು ಬಿದ್ದ ಕೆನ್ನೆಗೆ ಎಂಬುದು ನೆನಪಿರಲಿ.

ನನ್ನ ಅಪ್ಪ ಇದ್ಯಾವುದರ ಗೋಜಿಗೂ ಹೋದವರಲ್ಲ. ಅವರ ಹತ್ತಿರ ಒಂದು ಪಟಿಕದ ಕಲ್ಲಿತ್ತು, ವರ್ಷಗಟ್ಟಲೆ ಸವೆಯುತ್ತಿತ್ತು. ಮುಂಬೈ, ಪುಣೆಯಲ್ಲಿ ತುರಟಿ ಎಂದು ಕೇಳಿ, ದಿಲ್ಲಿಯಲ್ಲಿ ಫಿಟ್ಕರಿ, ಚೆನ್ನೈಯಲ್ಲಿ ಪಡಿಕಾರಂ. ಹೈದರಾಬಾದಿನಲ್ಲಿ ಪಟಿಕ ಎಂದರೇ ಸಿಗುತ್ತದೆ. ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್ ಅದು. ಚರ್ಮವನ್ನು ಬಿಗಿ ಮಾಡಿ, ಸಣ್ಣ ಗೀರಿನ ರಕ್ತ ನಿಲ್ಲಿಸುತ್ತದೆ. ಒದ್ದೆ ಮಾಡಿ ಸವರಿ, ಅರ್ಧ ನಿಮಿಷ ಬಿಟ್ಟು ತೊಳೆದುಕೊಳ್ಳಿ, ಇಲ್ಲವಾದರೆ ಮುಖ ಒಣಗಿ ಬಿರಿಯುತ್ತದೆ.

ಆದರೆ ಈ ಕಲ್ಲು ಒಬ್ಬರದ್ದೇ ಆಗಿರಬೇಕು. ಸಲೂನಿನಲ್ಲಿ ಒಂದೇ ತುಂಡನ್ನು ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಗೀರಿಗೂ ಒತ್ತುತ್ತಾರೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ರೇಜರಿಗೆ ಹೊಸ ಬ್ಲೇಡು ಹಾಕಿಸುವ ನಾವು ಕಲ್ಲಿನ ಬಗ್ಗೆ ಮಾತೇ ಎತ್ತುವುದಿಲ್ಲ. ನಾನೀಗ ನನ್ನ ತುಂಡನ್ನು ಚಿಕ್ಕ ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿಕೊಂಡು ಹೋಗುತ್ತೇನೆ. ಮೊದಲ ಸಲ ಸಲೂನಿನವರು ಮುಖ ಸಿಂಡರಿಸಿದರು. ಈಗ ಕುರ್ಚಿಯಲ್ಲಿ ಕೂರುತ್ತಲೇ ಅವರೇ ಕೈ ಚಾಚುತ್ತಾರೆ, “ತುಮ್ಚಿ ತುರಟಿ ದ್ಯಾ, ಕಾಕಾ” ಎಂದು.