ಪುಣ್ಯಕೋಟಿಗೆ ಸ್ವಲ್ಪ ರಜೆ ಕೊಡಿ

ದಹಿಸರ್‌ನಲ್ಲೂ ಆಚೀಚಿನ ಉಪನಗರಗಳಲ್ಲೂ ಭಾನುವಾರ ನಡೆಯುವ ಮಕ್ಕಳ ಕನ್ನಡ ತರಗತಿಗಳ ಮೇಲೆ ನನಗೆ ಗೌರವವಿದೆ. ವಾರವಿಡೀ ಲೋಕಲ್‌ನಲ್ಲಿ ನೇತಾಡಿದವರು ಸಿಕ್ಕಿದ ಒಂದೇ ರಜೆಯಲ್ಲಿ ಪುಕ್ಕಟೆ ಪಾಠ ಮಾಡುತ್ತಾರೆ. ಆ ಗೌರವ ಇಟ್ಟುಕೊಂಡೇ ಜಗಳಕ್ಕೆ ನಿಂತಿದ್ದೇನೆ.

ಅಕ್ಷರಮಾಲೆ, ಕಾಗುಣಿತ ಮುಗಿದ ಮೇಲೆ ಮಕ್ಕಳ ಕೈಗೆ ನಾವು ಕೊಡುವುದೇನು? ಪುಣ್ಯಕೋಟಿ, ತೆನಾಲಿ ರಾಮ, ಆಮೆ ಮತ್ತು ಮೊಲ. ಮರುವರ್ಷ ಮತ್ತೆ ಅವೇ. ರಾಜ್ಯೋತ್ಸವ ಬಂತೆಂದರೆ ಅದರಲ್ಲೊಂದನ್ನು ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸುತ್ತೇವೆ, ಅಪ್ಪ ಅಮ್ಮ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ. ನಾಲ್ಕನೇ ಕ್ಲಾಸು ಮುಟ್ಟುವಷ್ಟರಲ್ಲಿ ಮಗು ಬರುವುದನ್ನು ನಿಲ್ಲಿಸುತ್ತದೆ. ಟ್ಯೂಷನ್ ಜಾಸ್ತಿಯಾಯಿತು ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆ ವಯಸ್ಸಿನ ತಲೆಯಲ್ಲಿ ಹುಟ್ಟುವ ಒಂದು ಪ್ರಶ್ನೆಗೂ ನಮ್ಮ ಕ್ಲಾಸಿನಲ್ಲಿ ಉತ್ತರ ಇರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅದಕ್ಕೆ ಬೇಕಿರುವುದೇ ಬೇರೆ. ನ್ಯಾಷನಲ್ ಪಾರ್ಕಿನ ಚಿರತೆ ಕಟ್ಟಡಗಳ ಕಡೆಗೆ ಯಾಕೆ ಬರುತ್ತದೆ? ತುಳಸಿ ಕೆರೆಯ ಕಡೆಯಿಂದ ಇಳಿದು ಬರುವ ನಮ್ಮ ದಹಿಸರ್ ನದಿ ಬೇಸಿಗೆಯಲ್ಲಿ ನಾರುತ್ತ ಮಲಗಿದ್ದು ಮಳೆಗಾಲದಲ್ಲಿ ಯಾಕೆ ಉಕ್ಕುತ್ತದೆ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದ ಮಳೆ 944 ಮಿಲಿಮೀಟರ್. ಆ ನೀರು ಎಲ್ಲೂ ಹರಿದುಹೋಗದೆ ನಿಂತಿದ್ದರೆ ಒಂಬತ್ತು ವರ್ಷದ ಮಗುವಿಗೆ ಎದೆಮಟ್ಟ ಬರುತ್ತಿತ್ತು. ಇಂಥದ್ದನ್ನು ಹೇಳಿ ನೋಡಿ, ಮಗುವಿನ ಕಣ್ಣು ಅಗಲವಾಗುತ್ತದೆ. ಆದರೆ ಇವನ್ನೆಲ್ಲ ಅದು ಇಂಗ್ಲಿಷಿನಲ್ಲೇ ಓದಿಕೊಳ್ಳಬೇಕು. ತಿಳಿವಳಿಕೆ ಇಂಗ್ಲಿಷಿಗೆ, ಅಜ್ಜಿಕತೆ ಮತ್ತು ದೇವರ ಹಾಡು ಕನ್ನಡಕ್ಕೆ. ಈ ಪಾಲುಪಟ್ಟಿ ಬರೆದವರು ನಾವೇ.

ಕಥೇತರ ಪುಸ್ತಕದ ಮಾತೆತ್ತಿದರೆ ಕೂಡಲೇ ಬರುವ ಉತ್ತರ: "ಆ ಭಾಷೆ ಕಷ್ಟ ಮಾರಾಯ್ರೆ, ಮಕ್ಕಳಿಗೆ ಅರ್ಥ ಆಗುವುದಿಲ್ಲ." ಯಾವ ಮಕ್ಕಳಿಗೆ? ಇಲ್ಲಿಯ ಎಷ್ಟೋ ಮನೆಗಳಲ್ಲಿ ಮಾತು ತುಳು ಅಥವಾ ಕೊಂಕಣಿ. ಲಿಫ್ಟಿನಲ್ಲಿ ಹಿಂದಿ. ಶಾಲೆ ಇಂಗ್ಲಿಷಿನದು, ಜೊತೆಗೆ 2020ರ ಕಾನೂನಿನಂತೆ ಕಡ್ಡಾಯ ಮರಾಠಿ. ಈ ಮಗುವಿನ ಮುಂದೆ ಕತೆಪುಸ್ತಕದ ಕೊಟ್ಟಿಗೆ, ಗೋಮಾಳ, ಒರಳು, ಕಣಜ ಎಂಬ ಪದಗಳನ್ನಿಡಿ. ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಹುಟ್ಟಿದ ಕೂಸು ಕೊಟ್ಟಿಗೆಯನ್ನು ಎಲ್ಲಿ ನೋಡಬೇಕು? ಈಗ ಭೂಕಂಪ, ಜ್ವಾಲಾಮುಖಿ, ಸೂರ್ಯಗ್ರಹಣ, ಗುರುತ್ವಾಕರ್ಷಣ ಇಡಿ. ಮರಾಠಿ ಪಾಠದಲ್ಲೋ ಹಿಂದಿ ಟಿವಿಯಲ್ಲೋ ಅದು ಇವನ್ನು ಆಗಲೇ ಕೇಳಿರುತ್ತದೆ. ಹೊಸದು ಲಿಪಿ ಮಾತ್ರ. ಊರಿನ ಮಗುವಿಗೆ ಕಷ್ಟವಾದದ್ದು ಮುಂಬಯಿಯ ಮಗುವಿಗೆ ಸುಲಭ, ಅದಕ್ಕೆ ಸುಲಭವಾದದ್ದು ಇದಕ್ಕೆ ಕಷ್ಟ. ಊರಿನ ಅಳತೆಗೋಲು ಹಿಡಿದು ಇಲ್ಲಿ ಪುಸ್ತಕ ಆರಿಸುತ್ತೇವಲ್ಲ, ಅಲ್ಲೇ ಎಡವಟ್ಟು. ದ್ಯುತಿಸಂಶ್ಲೇಷಣೆ ಕಬ್ಬಿಣದ ಕಡಲೆ, ಒಪ್ಪಿದೆ. ಹಲಗೆಯ ಮೇಲೆ ಒಂದು ಎಲೆ ಬರೆದು ತೋರಿಸಿ. ಅದು ಇಂಗ್ಲಿಷಿನಲ್ಲಿಯೂ ಕಡಲೆಯೇ.

ಇನ್ನೊಂದು ಮಾತು. ಬರೆದಂತೆ ಓದುವ ಭಾಷೆ ಎಂದು ಬೀಗುತ್ತೇವೆ. ಆ ಗುಣವೇ ಮೇಷ್ಟ್ರ ಕಣ್ಣಿಗೆ ಮಣ್ಣೆರಚುತ್ತದೆ. ಕಾಗುಣಿತ, ಒತ್ತಕ್ಷರ ಬಂದ ಮಗು ಒಂದು ಪುಟವನ್ನು ಗಡಗಡ ಓದಿಬಿಡುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಏನು ಓದಿದೆ ಎಂದು ಕೇಳಿದರೆ ಮೊದಲೇ ಗೊತ್ತಿರುವ ಪುಣ್ಯಕೋಟಿಯ ಕತೆಯನ್ನು ನೆನಪಿನಿಂದ ಒಪ್ಪಿಸುತ್ತದೆ. ಅದು ಓದಿನ ಪರೀಕ್ಷೆಯೇ ಅಲ್ಲ. ಬದಲಿಗೆ ಜೇಡದ ಮೇಲೊಂದು ಸಣ್ಣ ಪುಸ್ತಕ ಕೊಟ್ಟು, "ಬಲೆಗೆ ಜೇಡವೇ ಯಾಕೆ ಅಂಟಿಕೊಳ್ಳುವುದಿಲ್ಲ?" ಎಂದು ಕೇಳಿ. ಉತ್ತರ ಪುಟದಲ್ಲಿದೆ, ಹುಡುಕಲೇಬೇಕು. ಪರಿವಿಡಿ ನೋಡಬೇಕು, ಚಿತ್ರದ ಕೆಳಗಿನ ಸಾಲು ಓದಬೇಕು, ಹಿಂದಕ್ಕೆ ತಿರುಗಿ ಬರಬೇಕು. ಹುಡುಕುವಾಗ ಜೇಡ, ಬಲೆ, ಎಳೆ, ಅಂಟು ಎಂಬ ಪದಗಳು ಪುಟಪುಟಕ್ಕೂ ಸಿಗುತ್ತವೆ. ಕತೆಯಲ್ಲಿ ಒಮ್ಮೆ ಬಂದು ಮಾಯವಾಗುವ ಪದಕ್ಕೆ ಈ ಭಾಗ್ಯವಿಲ್ಲ.

ಇದು ನನ್ನೊಬ್ಬನ ಹುಚ್ಚಲ್ಲ. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಏಳು-ಎಂಟನೇ ತರಗತಿಯ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ಬರಹ ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದವರು, ಚೆನ್ನಾಗಿ ಓದಬಲ್ಲ ಆದರೆ ಆಟ ತಿಳಿಯದವರಿಗಿಂತ ಹೆಚ್ಚು ಗ್ರಹಿಸಿದ್ದರು. ಪಕ್ಕದ ಬೊರಿವಲಿಯಲ್ಲಿ ಬೆಳೆದ ರೋಹಿತ್ ಶರ್ಮಾ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದು ಕೊಡಿ, ನಮ್ಮ ತರಗತಿಯ ಹಿಂದಿನ ಸಾಲು ಮುಂದೆ ಬರುತ್ತದೋ ಇಲ್ಲವೋ ನೋಡೋಣ.

ಕತೆ ಓದಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಮಾಹಿತಿ ಎಂದರೆ ಒಣಗಿದ್ದು ಎನ್ನುವವರು ತೇಜಸ್ವಿಯವರ 'ಪರಿಸರದ ಕತೆ'ಯನ್ನು ಓದಿ ಆಮೇಲೆ ಮಾತಿಗೆ ಬರಲಿ.

ಪುಸ್ತಕವೇ ಇಲ್ಲ ಎಂಬ ನೆಪವೂ ನಡೆಯುವುದಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ' ಮಾಡಿದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಬಂತು. ಹಳೆಯದಾಯಿತು ಎನ್ನುತ್ತೀರಾ? ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಹುಳ, ಹಕ್ಕಿ, ಗ್ರಹಗಳ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಕೆಲವು ಅನುವಾದ ಸಪ್ಪೆ, ಆರಿಸಿಕೊಳ್ಳಬೇಕು. ಮಹಾರಾಷ್ಟ್ರ ಸರಕಾರದ ಬಾಲಭಾರತಿ ಸಂಸ್ಥೆ ಇಲ್ಲಿಯ ಕನ್ನಡ ಶಾಲೆಗಳಿಗಾಗಿ 'ಪರಿಸರ ಅಧ್ಯಯನ'ವನ್ನು ಕನ್ನಡದಲ್ಲೇ ಅಚ್ಚು ಹಾಕುತ್ತದೆ. ಭಾನುವಾರದ ತರಗತಿಗಳಲ್ಲಿ ಅದನ್ನು ನಾನಂತೂ ಕಂಡಿಲ್ಲ.

ದುಡ್ಡಿನ ಮಾತು ಬೇಡವೇ ಬೇಡ. ವಾರ್ಷಿಕೋತ್ಸವದಲ್ಲಿ ಒಬ್ಬರಿಗೆ ಹೊದಿಸುವ ಶಾಲು, ಪೇಟ, ಸ್ಮರಣಿಕೆ, ಹಣ್ಣಿನ ಬುಟ್ಟಿಯ ಖರ್ಚಿನಲ್ಲಿ ಒಂದು ತರಗತಿಗೆ ವರ್ಷಕ್ಕಾಗುವಷ್ಟು ತೆಳುಪುಸ್ತಕಗಳು ಬರುತ್ತವೆ. ಹನ್ನೆರಡು ಜನರಿಗೆ ಸನ್ಮಾನ ಮಾಡುವಲ್ಲಿ ಹನ್ನೊಂದು ಮಾಡಿ. ಅಷ್ಟೂ ಆಗದಿದ್ದರೆ, ನಿಮ್ಮ ಸಂಘದ ಆಫೀಸಿನ ಗೋದ್ರೆಜ್ ಕಪಾಟಿನಲ್ಲಿ 'ಜ್ಞಾನಗಂಗೋತ್ರಿ'ಯ ಒಂದೆರಡು ಸಂಪುಟಗಳಾದರೂ ಇರಬಹುದು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಮುಂದಿನ ಸಭೆಯಲ್ಲಿ ಕೇಳಿ.