ಊರಿಗೆ ಬಂದು ಸೇವೆ ಮಾಡ್ತೀಯಾ ಎಂದು ಯಾರನ್ನು ಕೇಳುತ್ತೇವೆ?

ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ವಾರ ನಮ್ಮ ಪತ್ರಿಕೆಗಳಲ್ಲಿ ಎರಡು ಬಗೆಯ ಸಂದರ್ಶನಗಳು ಅಚ್ಚಾಗುತ್ತವೆ. ಒಂದರಲ್ಲಿ ದೊಡ್ಡ ಊರಿನ ಕೋಚಿಂಗ್ ಮುಗಿಸಿದ ರ‍್ಯಾಂಕ್ ವಿದ್ಯಾರ್ಥಿ ಇರುತ್ತಾನೆ. ದಿನಕ್ಕೆ ಎಷ್ಟು ಗಂಟೆ ಓದಿದಿರಿ, ದೆಹಲಿಯ ಏಮ್ಸ್ ಸೇರುತ್ತೀರಾ, ಮುಂದೆ ಕಾರ್ಡಿಯಾಲಜಿಯೋ ನ್ಯೂರಾಲಜಿಯೋ ಎಂದು ಅವನನ್ನು ಕೇಳುತ್ತಾರೆ. ಇನ್ನೊಂದರಲ್ಲಿ ಕೂಲಿಕಾರರ ಮಗಳು ಇರುತ್ತಾಳೆ. ಹಿಂದೆ ಶೀಟಿನ ಮನೆ, ಪಕ್ಕದಲ್ಲಿ ಮುಜುಗರದಿಂದ ನಿಂತ ಅಪ್ಪ ಅಮ್ಮ. ಅವಳಿಗೆ ಬರುವ ಪ್ರಶ್ನೆ ಒಂದೇ: 'ಡಾಕ್ಟರ್ ಆದ ಮೇಲೆ ಊರಿಗೆ ಬಂದು ಬಡವರ ಸೇವೆ ಮಾಡ್ತೀಯೇನಮ್ಮ?' ಹೂಂ ಎನ್ನುವುದು ಬಿಟ್ಟು ಅವಳಿಗೆ ಬೇರೆ ದಾರಿಯಿಲ್ಲ. ಇಲ್ಲ ಅಂದರೆ ಕೃತಘ್ನಳು.

ನನ್ನ ತಕರಾರು ಈ ಪ್ರಶ್ನೆಯ ಬಗ್ಗೆ. ಹಿಂದುಳಿದ, ದಲಿತ, ಆದಿವಾಸಿ, ಅಲೆಮಾರಿ ಹಿನ್ನೆಲೆಯ ಮಕ್ಕಳು ವೈದ್ಯರಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವರು ವೈದ್ಯರಾದರೆ ಜನರ ಆರೋಗ್ಯ ಸುಧಾರಿಸುತ್ತದೆ ಎಂಬುದಕ್ಕೂ ಆಧಾರಗಳಿವೆ. ಆದರೆ ಅದೇ ಮಾತನ್ನು ತಿರುಗಿಸಿ, ಹಳ್ಳಿಯ ಆರೋಗ್ಯದ ಭಾರವನ್ನೆಲ್ಲ ಆ ಮಕ್ಕಳ ಹೆಗಲಿಗೇ ಹೊರಿಸಿ, ಉಳಿದವರನ್ನು ಕೈತೊಳೆದುಕೊಳ್ಳಲು ಬಿಡುವ ಜಾಣತನ ನಮ್ಮಲ್ಲಿ ಬೆಳೆದಿದೆ. ಕೋಟಿ ಮುಟ್ಟುವ ಶುಲ್ಕ ಕೊಟ್ಟು ಸೀಟು ಪಡೆದವನನ್ನು 'ನೀನು ಯಾವ ಹಳ್ಳಿಗೆ ಹೋಗ್ತೀಯಪ್ಪ' ಎಂದು ಯಾರೂ ಕೇಳುವುದಿಲ್ಲ. ಅವನು ದುಡ್ಡು ಕೊಟ್ಟಿದ್ದಾನೆ, ಋಣ ತೀರಿತು. ಮೀಸಲಾತಿಯಲ್ಲಿ ಬಂದವಳದು ಮಾತ್ರ ತೀರದ ಋಣ.

ಮೊದಲು ಆಧಾರಗಳ ಮಾತು. ದುರ್ಗಮ ಹಾಗೂ ಗ್ರಾಮೀಣ ಪ್ರದೇಶಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಶಿಫಾರಸುಗಳನ್ನು ಪ್ರಕಟಿಸಿತು. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಗುರುತಿಸಿ ಸೇರಿಸಿಕೊಳ್ಳಿ ಎನ್ನುವುದು ಅದರಲ್ಲಿ ಮುಖ್ಯವಾದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೈದ್ಯರ ಕೊರತೆಯಿರುವ ಬಡ ಬಡಾವಣೆಗಳಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ವೈದ್ಯರ ಪಾತ್ರ ಎಷ್ಟು ದೊಡ್ಡದು ಎಂದು ತೋರಿಸಿತು. ಅದೇ ದೇಶದಲ್ಲಿ 1910ರ ಫ್ಲೆಕ್ಸ್‌ನರ್ ವರದಿ 'ಗುಣಮಟ್ಟ'ದ ಹೆಸರು ಹೇಳಿತ್ತು. ಅದಾದ ಮೇಲೆ ಕಪ್ಪು ಜನರ ಏಳು ವೈದ್ಯಕೀಯ ಶಾಲೆಗಳಲ್ಲಿ ಐದು ಮುಚ್ಚಿಹೋದವು. ಹೊವಾರ್ಡ್ ಮತ್ತು ಮೆಹ್ಯಾರಿ ಮಾತ್ರ ಉಳಿದವು. 1964ರಲ್ಲಿ ಆ ಎರಡು ಶಾಲೆಗಳ ವಿದ್ಯಾರ್ಥಿಗಳೇ ಸೇರಿ ತಮ್ಮದೊಂದು ರಾಷ್ಟ್ರೀಯ ಸಂಘಟನೆ ಕಟ್ಟಿಕೊಂಡರು. ನಾಯಕತ್ವ ಹುಟ್ಟಿದ್ದು ಹೀಗೆ, ಬಾಗಿಲು ಮುಚ್ಚಿದವರ ಎದುರು ಗುಂಪಾಗಿ ನಿಂತಾಗ. ಯಾರೋ ಕೊಟ್ಟ ಪದಕದಿಂದ ಅದು ಹುಟ್ಟಲಿಲ್ಲ.

'ಹಾಗೆಲ್ಲ ಮಾಡಿದರೆ ಮೆರಿಟ್ ಗತಿ ಏನು?' ಎನ್ನುವವರು ಇಲ್ಲಿ ಎದ್ದು ನಿಲ್ಲುತ್ತಾರೆ. ಅವರಿಗೆ 2023ರ ಸೆಪ್ಟೆಂಬರ್ ತಿಂಗಳನ್ನು ನೆನಪಿಸುತ್ತೇನೆ. ಸ್ನಾತಕೋತ್ತರ ಸೀಟುಗಳು ಖಾಲಿ ಉಳಿದಾಗ ಕೇಂದ್ರ ಸರ್ಕಾರ ನೀಟ್ ಪಿಜಿ ಅರ್ಹತೆಯನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿತು. ಸೊನ್ನೆ! ಮೀಸಲಾತಿಯ ಹತ್ತು ಅಂಕಕ್ಕೆ ಹೊತ್ತಿ ಉರಿಯುವ ಮೆರಿಟ್ ಪ್ರೇಮ ಅಂದು ಬೀದಿಗಿಳಿದದ್ದನ್ನು ನಾನು ಕಾಣಲಿಲ್ಲ. ಲಕ್ಷಗಟ್ಟಲೆ ಶುಲ್ಕದ ಸೀಟು ತುಂಬಲು ಮೆರಿಟ್ ಬಾಗುತ್ತದೆ, ತಾಂಡಾದ ಹುಡುಗಿಗೆ ಮಾತ್ರ ಸೆಟೆದು ನಿಲ್ಲುತ್ತದೆ.

ನನ್ನ ಸಂಶೋಧನೆ ಕನ್ನಡದ ಆರೋಗ್ಯ ಸಾಹಿತ್ಯದ ಬಗ್ಗೆ. ಅನುಪಮಾ ನಿರಂಜನ, ಡಿ.ಎಸ್. ಶಿವಪ್ಪ, ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯ ಬರಹಗಾರರು ದಶಕಗಳ ಕಾಲ ದೇಹದ ಬಗ್ಗೆ, ಮನಸ್ಸಿನ ಬಗ್ಗೆ ಕನ್ನಡದಲ್ಲಿ ಮಾತಾಡುವುದನ್ನು ಓದುಗರಿಗೆ ಕಲಿಸಿದರು. ಅವರ ಪುಸ್ತಕಗಳನ್ನು ಓದುತ್ತ ಹೋದಂತೆ ನನಗೆ ಒಂದು ವಿಷಯ ಗಟ್ಟಿಯಾಯಿತು: ರೋಗ ಮೊದಲು ಮಾತಿನಲ್ಲಿ ಬರುತ್ತದೆ, ರಿಪೋರ್ಟಿನಲ್ಲಿ ಬರುವುದು ಆಮೇಲೆ. 'ಸಂಕಟ ಆಗುತ್ತೆ', 'ಜೋಮು ಹಿಡಿಯುತ್ತೆ', 'ತಲೆ ಸುತ್ತು', 'ಬಿಳಿ ಸೆರಗು'. ಈ ಒಂದೊಂದು ಮಾತಿನ ಹಿಂದೆಯೂ ಊರು, ದುಡಿಮೆ, ನಾಚಿಕೆ, ಭಯ ಇವೆ. ಸಂಕಟ ಎಂದರೆ ಹೊಟ್ಟೆಯದೋ ಎದೆಯದೋ ಮನಸ್ಸಿನದೋ ಎಂದು ಬಿಡಿಸಿ ಕೇಳಲು ಆ ಮಾತಿನೊಳಗೆ ಬೆಳೆದಿರಬೇಕು, ಇಲ್ಲವೇ ಕೂತು ಕಲಿತಿರಬೇಕು. ನಮ್ಮ ವೈದ್ಯಕೀಯ ಶಿಕ್ಷಣ ಎರಡನ್ನೂ ಅಂಕವಾಗಿ ಎಣಿಸುವುದಿಲ್ಲ.

ಎಂ.ಎ. ಓದುವಾಗ ನಾನಿದ್ದದ್ದು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಹಾಸ್ಟೆಲಿನಲ್ಲಿ. ಪಕ್ಕದ ರೂಮಿನವನು ತಾಂಡಾದಿಂದ ಬಂದ ಎಂಬಿಬಿಎಸ್ ವಿದ್ಯಾರ್ಥಿ. ಒಪಿಡಿಯಲ್ಲಿ ಲಂಬಾಣಿ ಮಾತ್ರ ಬರುವ ಮುದುಕಿಯೊಬ್ಬಳು ಕೂತರೆ ಸಾಕು, ಯಾವ ವಿಭಾಗವೇ ಇರಲಿ, ಅವನಿಗೆ ಕರೆ ಹೋಗುತ್ತಿತ್ತು. ಅವನು ಹೋಗಿ ಕೇಳಿ, ತಿಳಿದು, ಹೇಳಿ ಬರುತ್ತಿದ್ದ. ಅದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಅಡ್ಡಹೆಸರು 'ಕೋಟಾ ಡಾಕ್ಟರ್'. ಭಾನುವಾರ ಅವನೂ ಹಾಸ್ಟೆಲಿನ ಇನ್ನಿಬ್ಬರೂ ಸುತ್ತಲಿನ ತಾಂಡಾಗಳಿಗೆ ಹೋಗಿ ಬಿಪಿ ನೋಡಿ, ಓದಲು ಬಾರದವರ ಮಾತ್ರೆ ಕವರಿನ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು ಕೊಟ್ಟು ಬರುತ್ತಿದ್ದರು. ಅದಕ್ಕೆ ಬ್ಯಾನರ್ ಇರಲಿಲ್ಲ, ಹಾಗಾಗಿ ಫೋಟೊವೂ ಇರಲಿಲ್ಲ. ಒಬ್ಬನ ಬಾಯಿಂದ ಎರಡು ಕೆಲಸ ತೆಗೆದುಕೊಂಡು, ಒಂದಕ್ಕೆ ಲೆಕ್ಕವಿಡದೆ, ಇನ್ನೊಂದಕ್ಕೆ ಅವನ ಅರ್ಹತೆಯನ್ನೇ ಪ್ರಶ್ನಿಸುವ ವ್ಯವಸ್ಥೆ ಇದು.

ಇದು ಒಂದು ಊರಿನ ಕಥೆಯಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಎದುರಿಸುವ ತಾರತಮ್ಯವನ್ನು ಸುಖದೇವ್ ಥೋರಟ್ ಸಮಿತಿ 2007ರಲ್ಲೇ ದಾಖಲಿಸಿತ್ತು. 2019ರ ಮೇ 22ರಂದು ಮುಂಬೈನಲ್ಲಿ ಡಾ. ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡರು. ತಡ್ವಿ ಭಿಲ್ ಸಮುದಾಯದಿಂದ ಬಂದು ಸ್ತ್ರೀರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದವರು. ಹಿರಿಯ ಸಹಪಾಠಿಗಳ ಜಾತಿ ಕಿರುಕುಳವೇ ಕಾರಣ ಎಂಬುದು ಅವರ ಕುಟುಂಬದ ಆರೋಪ. ಒಬ್ಬ ಆದಿವಾಸಿ ಹೆಣ್ಣುಮಗಳನ್ನು ಕಾಲೇಜಿನೊಳಗೆ ಜೀವಂತ ಉಳಿಸಿಕೊಳ್ಳಲಾಗದವರು, ಅವಳಂಥವರು ಊರಿಗೆ ಹೋಗಿ ಜೀವ ಉಳಿಸಲಿ ಎಂದು ಭಾಷಣ ಮಾಡಬಾರದು.

ಇನ್ನು 'ಸೇವೆ' ಎಂಬ ಪದ. ರಾಷ್ಟ್ರೀಯ ವೈದ್ಯಕೀಯ ಆಯೋಗ ಎಂಬಿಬಿಎಸ್ ಪಠ್ಯದೊಳಗೆ 'ಕುಟುಂಬ ದತ್ತು ಕಾರ್ಯಕ್ರಮ'ವನ್ನು ತಂದಿದೆ. ಮೊದಲ ವರ್ಷದಿಂದಲೇ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು. ಹಳ್ಳಿಗೆ ಹೋಗಿ ಮನೆಮಂದಿಯ ಜೊತೆ ಕೂತು ಕಲಿಯುವುದು ಒಳ್ಳೆಯದೇ. ಆದರೆ ಹದಿನೆಂಟು ವರ್ಷದ ಹುಡುಗ ಅರವತ್ತು ವರ್ಷ ಗದ್ದೆಯಲ್ಲಿ ದುಡಿದ ಅಜ್ಜಿಯನ್ನು ದತ್ತು ತೆಗೆದುಕೊಳ್ಳುವುದೆಂದರೇನು? ನಿಜಕ್ಕೂ ಅಲ್ಲಿ ಕಲಿಸುವವಳು ಅಜ್ಜಿ, ಕಲಿಯುವವನು ಹುಡುಗ. ಸರ್ಕಾರದ ಭಾಷೆಯಲ್ಲಿ ಅದು ತಿರುಗುಮುರುಗಾಗಿದೆ. ಬಡವರು ಈ ದೇಶದಲ್ಲಿ ಸದಾ ಯಾರದೋ ದತ್ತುಮಕ್ಕಳು.

ನಮ್ಮ ರಾಜ್ಯದ್ದು ಇನ್ನೊಂದು ದಾರಿ. 2012ರ ಕಾಯ್ದೆಯ ಪ್ರಕಾರ ವೈದ್ಯಕೀಯ ಪದವಿ ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕಿತ್ತು, ತಪ್ಪಿದರೆ ಲಕ್ಷಗಟ್ಟಲೆ ದಂಡವಿತ್ತು. ಎಲ್ಲರಿಗೂ ಒಂದೇ ಕರ್ತವ್ಯ ಎಂಬ ತತ್ವವನ್ನು ನಾನು ಒಪ್ಪುತ್ತೇನೆ. ಆದರೆ ದಂಡ ಎಂಬುದು ಇದ್ದವನಿಗೆ ಬಿಡುಗಡೆಯ ಬೆಲೆ, ಇಲ್ಲದವಳಿಗೆ ಬೇಡಿ. ಬಯಲುಸೀಮೆಯಲ್ಲಿ 30,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಅಷ್ಟು ಜನರ ಆರೋಗ್ಯವನ್ನು ವರ್ಷಕ್ಕೊಮ್ಮೆ ಬದಲಾಗುವ, ಪಿಜಿ ಪರೀಕ್ಷೆಗೆ ಓದುತ್ತ ದಿನ ಎಣಿಸುವ ಹೊಸಬರ ಕೈಗೆ ಕೊಟ್ಟು, ಅದನ್ನೇ ಸೇವೆ ಎಂದರೆ ಆ ಪದಕ್ಕೂ ಜನಕ್ಕೂ ಅವಮಾನ.

'ಹಿನ್ನೆಲೆ ಯಾಕೆ ಬೇಕು, ಮನಸ್ಸಿದ್ದರೆ ಯಾರಾದರೂ ಹೋಗಬಹುದು' ಎಂಬ ಮಾತಿಗೂ ಉತ್ತರ ಕೊಡಬೇಕು. ನಿಜ, ಹೋದವರಿದ್ದಾರೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಬದುಕು ಕಟ್ಟಿದರು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರುಮಾಡಿ ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಹೋದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಇವರ ಕೆಲಸ ನಿಂತದ್ದು ಮನಸ್ಸಿನ ಬಲದಿಂದ ಮಾತ್ರವಲ್ಲ. ಆಸ್ಪತ್ರೆ ಕಟ್ಟಿದರು, ಶಾಲೆ ತೆರೆದರು, ದಶಕಗಟ್ಟಲೆ ಅಲ್ಲೇ ಇದ್ದರು. ಅಂಥವರನ್ನು ಸಂತರನ್ನಾಗಿಸಿ ಗೋಡೆಗೆ ತೂಗುಹಾಕಿದರೆ ಸರ್ಕಾರಕ್ಕೆ ಸುಲಭ, ಏಕೆಂದರೆ ಸಂತರು ಅಪರೂಪ. ಅಪರೂಪದವರನ್ನು ನಂಬಿ ಆರೋಗ್ಯ ವ್ಯವಸ್ಥೆ ನಡೆಯುವುದಿಲ್ಲ. ಹಾಡಿಗೆ ಎಷ್ಟು ಡಾಕ್ಟರು ಹೋದರು ಎಂಬುದಕ್ಕಿಂತ, ಹಾಡಿಯಿಂದ ಎಷ್ಟು ಮಕ್ಕಳು ಡಾಕ್ಟರಾದರು ಎಂಬುದೇ ನಮ್ಮ ಅಳತೆಗೋಲಾಗಬೇಕು.

ಹಾಗೆ ಬಂದವಳು ಹಾಡಿಗೇ ಮರಳಬೇಕೆಂದೂ ನಾನು ಹೇಳಲಾರೆ. ಅವಳು ಹೃದಯ ತಜ್ಞೆಯಾಗಿ ಬೆಂಗಳೂರಲ್ಲೇ ಉಳಿದರೂ ಅದು ನ್ಯಾಯವೇ. ಇಂಥವರು ನೂರಾರು ಜನ ಒಳಗೆ ಬಂದರೆ, ಮರಳುವವರು ತಾವಾಗಿಯೇ ಹೆಚ್ಚುತ್ತಾರೆ ಎಂಬುದನ್ನೇ ಮೇಲಿನ ಅಧ್ಯಯನಗಳೂ ಸೂಚಿಸುತ್ತವೆ. ಸಮೂಹದ ಮಟ್ಟದಲ್ಲಿ ನಿಜವಾದುದನ್ನು ಒಬ್ಬೊಬ್ಬಳ ಮೇಲೆ ಕರಾರಿನಂತೆ ಹೇರಬಾರದು.

ಆಗಬೇಕಾದ ಕೆಲಸಗಳು ದೊಡ್ಡ ಗುಟ್ಟೇನಲ್ಲ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಶೇ 7.5ರಷ್ಟು ಸೀಟು ಮೀಸಲಿಟ್ಟಿತು. ನಮ್ಮಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಎಂಬ ಒಳಮೀಸಲು ಇದೆ. ಆದರೆ ಹಳ್ಳಿಯ ಖಾಸಗಿ ಶಾಲೆಗೂ ಸರ್ಕಾರಿ ಶಾಲೆಗೂ ಇರುವ ಅಂತರವನ್ನು ಗ್ರಾಮೀಣ ಕೋಟಾ ನೋಡುವುದಿಲ್ಲ. ಆ ದಾರಿಯನ್ನು ಇಲ್ಲೂ ತೆರೆಯಲಿ. ಲಂಬಾಣಿ, ಉರ್ದು, ತುಳು, ಸೋಲಿಗರ ನುಡಿ ಬಲ್ಲ ವಿದ್ಯಾರ್ಥಿ ಒಪಿಡಿಯಲ್ಲಿ ಮಾಡುವ ಕೆಲಸಕ್ಕೆ ಅಂಕ ಸಿಗಲಿ, ಬಾರದವನು ಕಲಿತು ಪಾಸಾಗಲಿ. ಆರೋಗ್ಯ ಕೇಂದ್ರದ ವೈದ್ಯೆಗೆ ವಾಸಕ್ಕೆ ಯೋಗ್ಯವಾದ ಕ್ವಾಟ್ರಸ್, ರಾತ್ರಿ ಪಾಳಿಗೆ ಭದ್ರತೆ, ಕಾಯಂ ಹುದ್ದೆ ಇರಲಿ. ಕಾಲೇಜಿನೊಳಗಿನ ಜಾತಿ ಕಿರುಕುಳದ ದೂರು ಕೇಳಲು, ಅದೇ ಕಾಲೇಜಿನ ಪ್ರಾಧ್ಯಾಪಕರಲ್ಲದ ಸಮಿತಿ ಇರಲಿ.

ಪತ್ರಕರ್ತ ಮಿತ್ರರಲ್ಲೂ ಒಂದು ಕೋರಿಕೆ. ಮುಂದಿನ ಫಲಿತಾಂಶದ ದಿನ ಕೂಲಿಕಾರರ ಮಗಳನ್ನು ಕಾರ್ಡಿಯಾಲಜಿಯೋ ನ್ಯೂರಾಲಜಿಯೋ ಎಂದು ಕೇಳಿ. ಕೋಚಿಂಗ್ ಸೆಂಟರಿನ ರ‍್ಯಾಂಕ್ ಹುಡುಗನನ್ನು, ಯಾವ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗುತ್ತೀಯಪ್ಪ ಎಂದು ಕೇಳಿ. ಇಬ್ಬರ ಉತ್ತರವನ್ನೂ ಒಂದೇ ಪುಟದಲ್ಲಿ ಅಚ್ಚುಹಾಕಿ.