ಫೋಟೋದಲ್ಲಿ ಗುಂಬಜ್ ಎಲ್ಲಿ?

ರಜೆಗೆ ಸರಗೂರಿನಿಂದ ಮೈಸೂರು ನೋಡಲು ಹೋದ ಮಕ್ಕಳು ಮದ್ರಸಕ್ಕೆ ವಾಪಸ್ ಬಂದರೆ ಮೊದಲು ತೆಗೆಯುವುದು ಮೊಬೈಲ್. ಮೊನ್ನೆ ಒಬ್ಬ ನಲವತ್ತು ಫೋಟೋ ತೋರಿಸಿದ. ಅರಮನೆ, ಫಿಲೋಮಿನಾ ಚರ್ಚ್, ಪಕ್ಕದ ಶ್ರೀರಂಗಪಟ್ಟಣದ ಗುಂಬಜ್, ಎಲ್ಲದರಲ್ಲೂ ಅವನ ಮುಖವೇ. ಗುಂಬಜ್ ಸುತ್ತ ಕಪ್ಪು ಕಲ್ಲಿನ 36 ಕಂಬ ಇದೆಯಲ್ಲಾ, ಬಾಗಿಲಿನ ದಂತದ ಕುಸುರಿ ನೋಡಿದೆಯಾ ಅಂತ ಕೇಳಿದೆ. "ಇಲ್ಲ ಉಸ್ತಾದ್, ರಶ್ ಇತ್ತು" ಅಂದ.

ಸೆಲ್ಫಿ ಬೇಡ ಅನ್ನುತ್ತಿಲ್ಲ. ಒಂದು ತೆಗೆದು, ಆಮೇಲೆ ಮೊಬೈಲ್ ಕಟ್ಟಡದ ಕಡೆ ತಿರುಗಿಸಿ. 1897ರಲ್ಲಿ ಮರದ ಅರಮನೆ ಸುಟ್ಟುಹೋಗಿ, 1912ರಲ್ಲಿ ಮುಗಿದದ್ದು ಈಗಿನ ಅರಮನೆ. ಅದರ ಗುಮ್ಮಟ, ಕಮಾನುಗಳಲ್ಲಿ ನಮ್ಮ ಮಸೀದಿಗಳ ಛಾಯೆಯೂ ಇದೆ. ನಿಂತು ನೋಡಿದವರಿಗೆ ಮಾತ್ರ ಅದು ಕಾಣುತ್ತದೆ. ಆದರೆ ಗುಂಬಜ್ ಒಳಗೆ ಇರುವುದು ಹೈದರ್, ಟಿಪ್ಪು ಅವರ ಕಬರ್. ದುಆ ಮಾಡುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಇಷ್ಟು ಹೇಳಲು ಕಾರಣ ಇದೆ. ಕರಾವಳಿಯಲ್ಲಿ ನಾನು ಓದಿದ ಹಳೆಯ ಹೆಂಚಿನ ಪಳ್ಳಿ, ಕೆತ್ತನೆಯ ಮರದ ಕಂಬಗಳ ಸಮೇತ, ಕಾಂಕ್ರೀಟಿಗಾಗಿ ಹೋಯಿತು. ಅದರ ಫೋಟೋಗೆ ಮನೆ ಮನೆ ಹುಡುಕಿದೆ. ಸಿಕ್ಕಿದ್ದು ಒಂದೇ, ಯಾರದೋ ನಿಕಾಹ್‌ದು. ಸಾಲಾಗಿ ನಿಂತವರ ತಲೆಗಳ ಹಿಂದೆ ಅರ್ಧ ಕಂಬ ಕಾಣುತ್ತದೆ.